ಮುನ್ನೂರು, ಏಳು, ಐವತ್ತು

ದುಬೈಯ ಬಂದೂಕಿನಂಗಡಿಗೆ ಸೇರಿ ಐದು ತಿಂಗಳಾಗಿತ್ತು. ಆರು ತುಂಬಿದರೆ ಕೆಲಸ ಕಾಯಂ. ಅಷ್ಟರೊಳಗೆ ಎಡವಿದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಮಗಳಿಗೆ ಊದ್ ಮೇಥಾದ ಶಾಲೆಯಲ್ಲಿ ಆಗಷ್ಟೇ ಸೀಟು ಸಿಕ್ಕಿತ್ತು. ನಾನು ಮೈಯೆಲ್ಲ ಕಣ್ಣಾಗಿದ್ದೆ ಎಂದುಕೊಂಡಿದ್ದೆ, ಕಿವಿಯೂ ಬೇಕಿತ್ತು.

ಅರಬಿ ಹಿರಿಯರೊಬ್ಬರು ರಿವಾಲ್ವರ್ ನೋಡಲು ಬಂದರು. ಅವರಿಗೆ ಹಳೆಯ ಬಗೆಯದೇ ಬೇಕು. ಅದರಲ್ಲಿ ಪ್ರತಿ ಗುಂಡಿಗೂ ಹಿಂದಿನ ಕುದುರೆಯನ್ನು, ಅಂದರೆ ಹ್ಯಾಮರನ್ನು, ಹೆಬ್ಬೆರಳಿನಿಂದ ಎಳೆಯಬೇಕು. ಎಳೆಯದೆ ಟ್ರಿಗರ್ ಒತ್ತಿದರೆ ಏನೂ ಆಗದು. ನಲವತ್ತೈದರ ಗುಂಡಿನದ್ದು ಅವರ ಕೈಗೆ ಭಾರವಾಯಿತು. ಇನ್ನೊಂದರ ಕುದುರೆ ಬೆರಳಿಗೆ ಸಲೀಸಾಗಿ ಬಂತು. ಇದಕ್ಕೆ ಮೂವತ್ತೆಂಟರ ಗುಂಡೂ ಹೊಂದುತ್ತದೆ, ಒದೆತ ಕಡಿಮೆ ಎಂದೆ. ಅವರಿಗೆ ಜೋರಿನದೇ ಬೇಕಿತ್ತು. ಗುಂಡಿನ ಪರ್ಮಿಟ್‌ಗೆ ಚೀಟಿ ಬರೆಯುವಾಗ ಅರಬಿಯಲ್ಲಿ ಗುಂಡಿನ ಅಳತೆಯ ಸಂಖ್ಯೆ ಹೇಳಿದರು. ಮುನ್ನೂರು, ಏಳು, ಐವತ್ತು. ರಿವಾಲ್ವರ್ ಮೇಲೆ ಕೆತ್ತಿದ್ದನ್ನು ನೋಡದೆ, ಕಿವಿಗೆ ಬಿದ್ದ ಕ್ರಮದಲ್ಲೇ ಬರೆದೆ: 375.

ಮರುದಿನ ಅವರು ಚೀಟಿ ಹಿಡಿದು ವಾಪಸು ಬಂದರು. ಪರ್ಮಿಟ್ ಸಿಕ್ಕಿರಲಿಲ್ಲ. ಮಂಗಳೂರು ಕಡೆಯ ನಮ್ಮ ಮ್ಯಾನೇಜರ್ ಚೀಟಿ ನೋಡಿ ನನ್ನನ್ನು ಕರೆದರು.

"ಇದೆಂಥ ಮಾರಾಯ? ರಿವಾಲ್ವರಿಗೆ ಕಾಡುಕೋಣ ಹೊಡಿಯುವ ರೈಫಲಿನ ಗುಂಡು ಬರ್ದಿದ್ದಿ?"

ಆಗ ಹೊಳೆಯಿತು. ಅರಬಿಯಲ್ಲಿ ಐವತ್ತೇಳಕ್ಕೆ ಏಳು ಮೊದಲು, ಐವತ್ತು ಆಮೇಲೆ. ಅವರು ಹೇಳಿದ್ದು ಮುನ್ನೂರ ಐವತ್ತೇಳು. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಸಿಕ್ಕ ನೆಲ ಆ ಹಿರಿಯರು.

"ಅವ್ರು ಹೇಳಿದ್ದೇ ಹಾಗೆ ಸರ್. ನಾನು ಕೇಳಿದ್ದನ್ನೇ ಬರ್ದದ್ದು," ಎಂದೆ, ಅವರೆದುರಿಗೇ, ಅವರಿಗೆ ತಿಳಿಯದ ಕನ್ನಡದಲ್ಲಿ.

ಹಿರಿಯರು ನನ್ನ ಮುಖ ನೋಡಿದರು, ಮ್ಯಾನೇಜರ್ ಮುಖ ನೋಡಿದರು. ಆಮೇಲೆ ತಪ್ಪನ್ನು ತಮ್ಮ ಮುಪ್ಪಿನ ಮೇಲೆ ಹಾಕಿ, ಮಾತು ಮುಗಿಸುವಂತೆ ಹಿಂದಿಯಲ್ಲಿ ಹೇಳಿದರು:

"ಗಲ್ತಿ ಹಮಾರಾ. ಬುಡ್ಢಾ ಹೋ ಗಯಾ. ಖಲಾಸ್."

ಮ್ಯಾನೇಜರ್ ಕ್ಷಮೆ ಕೇಳುತ್ತಾ ತಾವೇ ಹೊಸ ಚೀಟಿ ಬರೆದುಕೊಟ್ಟರು. ಹಿರಿಯರು ಅದನ್ನು ಜೇಬಿಗೆ ಹಾಕಲಿಲ್ಲ, ನನ್ನತ್ತ ತಳ್ಳಿ ಓದು ಎಂದರು. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ತಪ್ಪು ನನ್ನದು ಎನ್ನಲು ಆಗಲೂ ಸಮಯವಿತ್ತು, ಅವರು ಅದಕ್ಕೇ ಕಾಯುತ್ತಿದ್ದರೇನೋ.

ನಾನು ಸಂಖ್ಯೆಯನ್ನಷ್ಟೇ ಓದಿದೆ.