ಅತ್ಸೆದೆ ನುಂಗಿದ ತುತ್ತು

ಗಂಡ ಸತ್ತ ವರ್ಷ ಅತ್ಸೆದೆ ಅಡುಗೆ ಕೆಲಸಕ್ಕೆಂದು ಬೆಟ್ಟ ಹತ್ತಿದಳು. ಸುತ್ತಲೂ ಪ್ರಪಾತ, ನೆತ್ತಿಯಲ್ಲಿ ಬಯಲು, ಏರಲು ಒಂದೇ ದಾರಿ. ಗೊಂದರಿನ ಅರಸ ತನ್ನ ಮಲತಮ್ಮ ಎಸ್ಡ್ರೋಸನನ್ನು ಸರಪಳಿ ಬಿಗಿದು ಅಲ್ಲಿ ಕೂಡಿಹಾಕಿದ್ದ. ಸಿಂಹಾಸನ ಎಸ್ಡ್ರೋಸನಿಗೇ ಸಲ್ಲಬೇಕು ಎನ್ನುವವರು ನಾಡಿನಲ್ಲಿ ಕಡಿಮೆಯೇನಿರಲಿಲ್ಲ.

ಅತ್ಸೆದೆಯದು ಜೋರುಬಾಯಿ. "ಏನಪ್ಪಾ ರಾಜಾ, ನಿನ್ನೆ ಇಂಜೆರಾ ರೊಟ್ಟಿ ಅರ್ಧ ಬಿಟ್ಟಿದ್ದೀಯಲ್ಲ, ನನ್ನ ಕೈರುಚಿ ಸತ್ತುಹೋಯ್ತಾ?" ಎಂದು ರೇಗಿಸುವಳು.

"ರಾಜ ಅನ್ಬೇಡ ಕಣಮ್ಮ, ಇಬ್ಬರ ತಲೆಯೂ ಹೋಗುತ್ತೆ" ಎಂದು ಅವನು ನಗುವನು. ಇಂಜೆರಾದ ಚೂರಿನಲ್ಲಿ ಬೇಳೆ ಸುತ್ತಿ, ಮೊದಲ ತುತ್ತನ್ನು ಅವಳ ಬಾಯಿಗಿಟ್ಟ ಮೇಲೆಯೇ ತಾನು ಉಣ್ಣುವನು.

ಆ ಬೇಸಿಗೆಯಲ್ಲಿ ದಕ್ಷಿಣದ ಸೈನ್ಯ ಎಸ್ಡ್ರೋಸನ ಹೆಸರು ಕೂಗುತ್ತ ದಂಗೆಯೆದ್ದಿತು. ಅರಮನೆಯ ಸವಾರನೊಬ್ಬ ಬಂದುಹೋದ. ಅವನು ಬೆಟ್ಟ ಇಳಿದದ್ದೇ ತಡ, ಕಾವಲಿನ ದಳಪತಿ ಗೋಶು ಅಡುಗೆಮನೆಗೆ ನುಗ್ಗಿ ಕದ ಮುಚ್ಚಿದ. ಕೈಯಲ್ಲೊಂದು ಪುಡಿಯ ಪೊಟ್ಟಣ.

"ಬೇಳೆಗೆ ಕಲಸು. ಜ್ವರ ಬಂದು ಸತ್ತ ಅಂತ ಸಾರಿಸ್ತೀವಿ."

"ನನ್ನ ಕೈಯಲ್ಲಾ?"

"ಹೆಂಗೂ ಸಾಯೋನೇ ಅವನು. ಮಾಡದಿದ್ರೆ ನೀನೂ ಸಾಯ್ತೀಯ. ಹುಷಾರು, ಇವತ್ತು ಅವನ ತುತ್ತಿಗೆ ಬಾಯಿ ತೆರೀಬೇಡ."

ಅವನು ಹೊರಗೆ ಹೋದೊಡನೆ ಅತ್ಸೆದೆ ಪುಡಿಯನ್ನು ಉರಿಯುವ ಒಲೆಗೆ ಸುರಿದಳು. ಬುಟ್ಟಿ ಹೊತ್ತು ನಡೆದಳು. ಗೋಶು ಬಾಗಿಲಿಗೆ ಒರಗಿ ನಿಂತಿದ್ದ. ಎಸ್ಡ್ರೋಸ್ ಎಂದಿನಂತೆ ತುತ್ತು ಸುತ್ತಿ ಕೈ ಚಾಚಿದ. ಬೇಡವೆಂದರೆ ವಿಷ ಬೆರೆತಿದೆಯೆಂದೇ ಗೋಶು ನಂಬುವನು. ತನಗೆ ಓಡಲು ಸ್ವಲ್ಪ ಹೊತ್ತಾದರೂ ಸಿಗುವುದು. ಆದರೆ ತನ್ನನ್ನು ನಂಬಿದ ಆ ಕೈ ಚಾಚಿಯೇ ಇತ್ತು. ಅವಳು ಬಾಯಿ ತೆರೆದಳು. ಅಗಿದಳು. ನುಂಗಿದಳು.

ಗೋಶುವಿನ ಮುಖ ಕಪ್ಪಿಟ್ಟಿತು. "ಹಾಳು ಮುಂಡೆ! ಎಲ್ಲಾ ಕೆಡಿಸಿದೆ!"

ಎಸ್ಡ್ರೋಸ್ ಇಬ್ಬರನ್ನೂ ನೋಡಿದ. ಅರ್ಥವಾಯಿತು. "ಅವಳ ಮೇಲೆ ಕೈ ಮಾಡ್ಬೇಡ, ಗೋಶು. ನಾನೇ ನಡೆದು ಬರ್ತೀನಿ, ನನ್ನವರನ್ನ ಕೂಗಲ್ಲ. ಆದ್ರೆ ಹಗಲಲ್ಲೇ, ಜನರ ಎದುರಿಗೇ ಆಗ್ಲಿ."

ಬಲವಂತ ಮಾಡಿದರೆ ಅವನು ಕಿರುಚಾಡುವನು, ಬುಡದಲ್ಲಿರುವ ಅವನ ಕಡೆಯ ಜನ ತಿರುಗಿಬೀಳುವರು ಎಂಬ ಅಳುಕು ಗೋಶುವಿಗೂ ಇತ್ತು. ಒಪ್ಪಿದ. ಮರುದಿನ ಬೆಟ್ಟದ ಬುಡದ ಸಂತೆಯಲ್ಲಿ, ಅತ್ತಿಮರಕ್ಕೆ ಎಸ್ಡ್ರೋಸನನ್ನು ನೇಣುಹಾಕಿದರು. ಕೊಟ್ಟ ಮಾತಿನಂತೆ, ಕುತ್ತಿಗೆಗೆ ಹಗ್ಗ ಬೀಳುವವರೆಗೂ ಅವನು ತನ್ನವರನ್ನು ಕೂಗಲಿಲ್ಲ. ಜನ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.

ಅತ್ಸೆದೆಯನ್ನು ಹೊಡೆದು ಬೆಟ್ಟದಿಂದ ಅಟ್ಟಿದರು. ಅವಳು ಆ ಸಂತೆಯಲ್ಲೇ ಬಾರ್ಲಿಯ ಕಳ್ಳು ಮಾರುತ್ತ ಉಳಿದಳು. ಮಳೆಗಾಲ ಮುಗಿದಾಗ ಮುದುಕಿಯೊಬ್ಬಳು ಕೇಳಿಕೊಂಡು ಬಂದಳು, ಎಸ್ಡ್ರೋಸನ ತಾಯಿ.

"ಜ್ವರದಲ್ಲಿ ಹೋದ ಅಂತ ಅರಮನೆಯವರು ಅಂದ್ರು. ನಿಜವೇನಮ್ಮಾ?"

"ಸುಳ್ಳು ಕಣವ್ವ. ಊರೇ ನೋಡಿದೆ" ಎಂದು ಅತ್ಸೆದೆ ಅವಳ ಕೈ ಹಿಡಿದು, ಜನ ಅವನನ್ನು ಹೂತಿದ್ದ ಜಾಗಕ್ಕೆ ಕರೆದೊಯ್ದಳು.