ಜೋರಾಗಿ ಹೇಳಿ ಎನ್ನುತ್ತಿದ್ದ ಮೇಡಂ

ಜಯನಗರದ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಬುಕ್ ಮಾಡುವ ಹಿರಿಯ ಮೇಡಂ ಒಬ್ಬರಿದ್ದರು. ಯಾರಾದರೂ ಗೊಣಗಿದರೆ ಕನ್ನಡಕವನ್ನು ಹಣೆಗೇರಿಸಿ, "ಇನ್ನೊಂದ್ಸಲ ಹೇಳಿ, ಜೋರಾಗಿ" ಎನ್ನುತ್ತಿದ್ದರು.

ನನ್ನ ಪಕ್ಕದ ಸೀಟಿನವನು ದಿನವೂ ನನ್ನ ಮೈಕಟ್ಟಿನ ಬಗ್ಗೆ ಹೊಲಸು ಮಾತಾಡುತ್ತಿದ್ದ. ಮೂರು ಸಲ ದೂರು ಕೊಟ್ಟರೂ ಮ್ಯಾನೇಜರ್, "ತಮಾಷೆ ಕಣಮ್ಮ, ಅಡ್ಜಸ್ಟ್ ಮಾಡ್ಕೊ" ಎಂದು ಸಾಗಹಾಕಿದರು.

ಒಂದು ಸೋಮವಾರ ಮಾಲೀಕರು ಮೀಟಿಂಗಿಗೆ ಬಂದಿದ್ದರು. ಮೇಡಂ ಎದ್ದು ನಿಂತು ಅವನತ್ತ ತಿರುಗಿದರು. "ಬೆಳಿಗ್ಗೆ ಈ ಹುಡುಗಿಗೆ ಏನೋ ಅಂದ್ಯಲ್ಲಪ್ಪ, ಸಾರ್ ಮುಂದೆ ಇನ್ನೊಂದ್ಸಲ ಹೇಳು. ಜೋರಾಗಿ."

ಅವನು ತಲೆ ತಗ್ಗಿಸಿ ಮುಂದಿದ್ದ ಫೈಲನ್ನು ತಿರುವತೊಡಗಿದ. ಮಾಲೀಕರು ನನ್ನನ್ನು ಕೇಳಿದರು, ಎಲ್ಲವನ್ನೂ ಹೇಳಿದೆ. ಅಂದೇ ಅವನನ್ನು ಕೆಲಸದಿಂದ ತೆಗೆದರು.

ಸಂಜೆ ಬನಶಂಕರಿ ಬಸ್ಸಿನಲ್ಲಿ ಮೇಡಂ ಕೈ ಹಿಡಿದುಕೊಂಡೆ. "ನಿನ್ನ ವಯಸ್ಸಲ್ಲಿ ನನಗೂ ಹೀಗೇ ಆಗಿತ್ತು, ನಾನು ಬಾಯೇ ಬಿಡ್ಲಿಲ್ಲ ಕಣೇ. ಇವತ್ತು ನಂಗೂ ಹಗುರಾಯ್ತು" ಎಂದವರು ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು.