ಲೈಬ್ರೆರಿ ಸರ್ ಅವರ ಹೆಬ್ಬೆರಳು

ಮೊನ್ನೆ ಲೈಬ್ರೆರಿಯಲ್ಲಿ ಕೂತಿದ್ದಾಗ, ಇಲ್ಲೇ ಪಕ್ಕದ ಸವಣೂರಿನಿಂದ ನಾನು ಪಾಠ ಮಾಡುವ ಕಡಬದ ಕಾಲೇಜಿಗೆ ಬರುವ ಹುಡುಗಿಯೊಬ್ಬಳು ತನ್ನ ಮೊಬೈಲನ್ನು ನನ್ನ ಮೂಗಿನ ಬುಡಕ್ಕೆ ಹಿಡಿದು, “ಮೇಡಂ, ಇದು ಯಾರ ಬೆರಳು?” ಎಂದು ಕೇಳಿದಳು. ನಾನೇ ಕ್ಲಾಸಿನ ಗ್ರೂಪಿಗೆ ಹಾಕಿದ್ದ ಅರ್ಥಶಾಸ್ತ್ರದ ಪಿಡಿಎಫ್ ಅದು. ಪುಟದ ಕೆಳಗಿನ ಎಡ ಮೂಲೆಯಲ್ಲಿ ಒಂದು ದಪ್ಪ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಸೀಲಿನ ನೀಲಿ ಶಾಯಿ. ಮುಂದಿನ ಪುಟದಲ್ಲೂ ಅದೇ ಬೆರಳು. ಅದರ ಮುಂದಿನದರಲ್ಲೂ...

ನನಗೆ ನಗು ಬಂತು. ಅದು ನಮ್ಮ ಲೈಬ್ರೆರಿ ಸರ್ ಅವರ ಬೆರಳು.

ನಾನು ಪಂಜದಿಂದ ಬಸ್ಸು ಹಿಡಿದು ಸುಳ್ಯಕ್ಕೆ ಬಿ.ಎ. ಓದಲು ಹೋಗುತ್ತಿದ್ದ ಕಾಲ. ಅಲ್ಲಿನ ಕಾಲೇಜು ಲೈಬ್ರೆರಿಯಲ್ಲಿ ಸರ್ ಬಾಯಿ ಬಿಟ್ಟದ್ದನ್ನು ನೋಡಿದವರೇ ಕಡಿಮೆ. ಪುಸ್ತಕ ಉಂಟಾ ಎಂದು ಕೇಳಿದರೆ ತಲೆ ಆಡಿಸುತ್ತಿದ್ದರು, ಅಷ್ಟೆ. ಯಾರಾದರೂ ಪಿಸುಗುಟ್ಟಿದರೆ ಮರದ ಸ್ಕೇಲಿನಿಂದ ಮೇಜಿಗೆ ಫಟ್ಟೆಂದು ಒಂದು ಪೆಟ್ಟು. ಆ ಪೆಟ್ಟಿನ ಸದ್ದು ನಮ್ಮ ಪಿಸುಮಾತಿಗಿಂತ ಎಷ್ಟೋ ಜೋರಾಗಿರುತ್ತಿತ್ತು, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಒಳಗೆ ಮಾತಿಲ್ಲ, ಒಳಗೆ ಚಪ್ಪಲಿ ಇಲ್ಲ, ರೆಫರೆನ್ಸ್ ಪುಸ್ತಕ ಬಾಗಿಲು ದಾಟುವಂತಿಲ್ಲ. ಪ್ರಿನ್ಸಿಪಾಲರು ಕೇಳಿದರೂ ಇಲ್ಲ.

ಅಷ್ಟರಲ್ಲಿ ಕೊರೊನಾ ಬಂತು. ಕಾಲೇಜು ಮುಚ್ಚಿತು, ಪಾಠ ಮೊಬೈಲಿಗೆ ಹಾರಿತು. ಆನ್‌ಲೈನ್ ಕಲಿಕೆಗೆ ಗ್ರಂಥಾಲಯವೂ ಸಹಕಾರ ಕೊಡಬೇಕು ಎಂದು ಮೇಲಿನಿಂದ ಆದೇಶ ಬಂತಂತೆ. ವಿಶ್ವವಿದ್ಯಾಲಯದ ಇ-ಪುಸ್ತಕಗಳ ಕೊಂಡಿಯೊಂದನ್ನು ನಮಗೆಲ್ಲ ಕಳಿಸಿದರು. ಅದನ್ನು ತೆರೆಯಲು ಬೇಕಾದ ನೆಟ್‌ವರ್ಕ್ ನಮ್ಮೂರಿನಲ್ಲಿ ದೇವರಿಗೂ ಸಿಕ್ಕುತ್ತಿರಲಿಲ್ಲ. ಆಗ ಲೈಬ್ರೆರಿ ಸರ್ ತಾವೇ ಸ್ಮಾರ್ಟ್‌ಫೋನು ಹಿಡಿದು ಅಖಾಡಕ್ಕೆ ಇಳಿದರು.

ಮೊದಲು ಒಂದು ವಾಟ್ಸಾಪ್ ಗ್ರೂಪು ಮಾಡಿದರು. ಅಡ್ಮಿನ್ ಬಿಟ್ಟು ಬೇರೆ ಯಾರೂ ಸಂದೇಶ ಹಾಕಲಾಗದಂತೆ ಬೀಗ ಹಾಕುವ ವ್ಯವಸ್ಥೆ ಅದರಲ್ಲಿ ಇದೆಯಲ್ಲ, ಅದನ್ನು ಕಂಡು ಅವರಿಗೆ ಎಷ್ಟು ಸಂತೋಷವಾಯಿತೋ! ಜೀವಮಾನವಿಡೀ ಹುಡುಕಿದ ಲೈಬ್ರೆರಿ ಕೊನೆಗೂ ಸಿಕ್ಕಿತ್ತು. ಇನ್ನೂರು ಮಕ್ಕಳು ಒಳಗೆ, ಒಬ್ಬರೂ ಕಮಕ್ ಕಿಮಕ್ ಅನ್ನುವಂತಿಲ್ಲ.

ಆಮೇಲೆ ಪುಸ್ತಕಗಳ ಪುಟ ಪುಟದ ಫೋಟೊ ತೆಗೆದು ಪಿಡಿಎಫ್ ಮಾಡತೊಡಗಿದರು. ಅವನ್ನು ಕೊಡುವುದಕ್ಕೂ ಕ್ರಮ ಉಂಟು. ಲೈಬ್ರೆರಿಯಲ್ಲಿ ಆ ಪುಸ್ತಕದ ಎರಡು ಪ್ರತಿ ಇದ್ದರೆ ಒಂದು ಸಲಕ್ಕೆ ಇಬ್ಬರಿಗೆ ಮಾತ್ರ ಪಿಡಿಎಫ್. ಹದಿನೈದು ದಿನದೊಳಗೆ ಅದನ್ನು ಅವರಿಗೇ ವಾಪಸು ಕಳಿಸಿ, ನಮ್ಮ ಫೋನಿನಿಂದ ಅಳಿಸಬೇಕು. ಆಮೇಲೆ ಮುಂದಿನವರ ಪಾಳಿ. ಪಿಡಿಎಫ್ ಎಷ್ಟು ಜನರಿಗೆ ಕೊಟ್ಟರೂ ಮುಗಿಯುವುದಿಲ್ಲ ಸರ್ ಎಂದು ಒಬ್ಬ ಹೇಳಿ ನೋಡಿದ. “ಹಾಗೆ ಹೇಳಿ ಹೇಳಿಯೇ ನೀವು ಪುಸ್ತಕ ಹಾಳು ಮಾಡಿದ್ದು” ಎಂದು ಉತ್ತರ ಬಂತು. ಮಕ್ಕಳೆಲ್ಲ ವಿಧೇಯರಾಗಿ ವಾಪಸು ಕಳಿಸಿದ್ದೇ ಕಳಿಸಿದ್ದು, ಸರ್ ಅವರ ಫೋನು ಹೊಟ್ಟೆ ಬಿರಿದು ನಿಂತೇಹೋಯಿತು. ಆ ನಿಯಮ ಅಲ್ಲಿಗೆ ಮುಗಿಯಿತು.

ಬೆರಳು ಮಾತ್ರ ಉಳಿಯಿತು. ಪುಸ್ತಕಗಳಿಗೆಲ್ಲ ಅವರೇ ಗಟ್ಟಿ ಬೈಂಡು ಹಾಕಿದ್ದರಿಂದ ಅವು ತೆರೆದುಕೊಂಡು ನಿಲ್ಲುತ್ತಿರಲಿಲ್ಲ. ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಲಗೈಯಲ್ಲಿ ಫೋಟೊ. ಪ್ರತಿ ಪುಟದ ಕೊನೆಯ ಎರಡು ಮೂರು ಸಾಲುಗಳ ತಲೆ ಬೆರಳಿನ ಅಡಿಗೆ. ನಾನು ಫೋನು ಮಾಡಿ, ಬೆರಳು ತೆಗೀಬಹುದಾ ಸರ್ ಎಂದೆ.

“ಬೆರಳು ತೆಗೆದ್ರೆ ಪುಸ್ತಕ ಮುಚ್ಚಿಹೋಗ್ತದೆ ಮಾರಾಯ್ತಿ. ಮುಚ್ಚಿದ ಪುಸ್ತಕದ ಫೋಟೊ ಕಳಿಸುದಾ?”

ಪೇಪರ್‌ವೇಟ್ ಇಡಬಹುದಿತ್ತಲ್ಲ ಎಂದರೆ ಅದರಿಂದ ಪುಸ್ತಕಕ್ಕೆ ನೋವಾಗುತ್ತದೆ ಎಂದರು. ಬೆರಳಡಿಯ ಸಾಲು ಬೇಕಾದವರು ಫೋನು ಮಾಡಿ, ಓದಿ ಹೇಳುತ್ತೇನೆ ಎಂದು ಗ್ರೂಪಿನಲ್ಲಿ ಹಾಕಿದರು. ಹೀಗೆ, ವರ್ಷಗಟ್ಟಲೆ ಬಾಯಿ ಬಿಡದ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಮಾತಾಡಬೇಕಾಗಿ ಬಂತು.

ಆದರೆ ಅವರು ಪಿಸುಗುಟ್ಟುತ್ತಿದ್ದರು! ಇಡೀ ಕಟ್ಟಡದಲ್ಲಿ ನರಪಿಳ್ಳೆ ಇಲ್ಲ, ಅಟೆಂಡರ್ ಕೂಡ ಬರುತ್ತಿಲ್ಲ, ಆದರೂ ಲೈಬ್ರೆರಿಯ ಒಳಗೆ ದನಿ ಎತ್ತುವ ಹಾಗಿಲ್ಲವಲ್ಲ. ಈ ಕಡೆ ನಾನು, ಮನೆಯ ಹಿಂದಿನ ಗುಡ್ಡದ ಪಾದೆಕಲ್ಲಿನ ಮೇಲೆ, ನೆಟ್‌ವರ್ಕಿನ ಒಂದು ಕಡ್ಡಿಯನ್ನು ನಂಬಿ ಕೂತವಳು. ಅವರ ಪಿಸುಮಾತು ನನ್ನ ಕಿವಿಗೆ ಬರುವಷ್ಟರಲ್ಲಿ ಬರೀ ಗಾಳಿ.

ನನಗೋ ಅರ್ಥಶಾಸ್ತ್ರ ಹಿಂದಿನ ಸಲವೇ ಕೈಕೊಟ್ಟಿತ್ತು. “ಈ ಸಲವೂ ಹೋದ್ರೆ ಕಾಲೇಜು ಸಾಕು. ಕುಂಬ್ರದಲ್ಲಿ ಅತ್ತೆ ಮನೆಯಲ್ಲಿ ನಿಂತು ಹೊಲಿಗೆ ಕಲಿ” ಎಂದು ಅಪ್ಪ ಹೇಳಿಯಾಗಿತ್ತು. ನನ್ನ ಕೈಯ ಹೊಲಿಗೆ ನೋಡಿದವರಿಗೆ ಗೊತ್ತು, ಅದು ನನಗಿಂತ ಕುಂಬ್ರದವರಿಗೆ ದೊಡ್ಡ ಶಿಕ್ಷೆ. ನನಗೆ ಓದಬೇಕಿತ್ತು. ಓದುವುದು ಬಿಟ್ಟು ಬೇರೆ ಏನೂ ನನಗೆ ಬರುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಬೆಲೆ ನಿರ್ಧಾರದ ಅಧ್ಯಾಯದ ಪಿಡಿಎಫ್ ಇಳಿಯಲೇ ಇಲ್ಲ. ಚಕ್ರ ಸುತ್ತುತ್ತಲೇ ಇತ್ತು. ಕರೆಂಟು ಹೋಗಿ ಟವರೂ ಜೀವ ಬಿಡುವುದರಲ್ಲಿತ್ತು. ಪಾದೆಯ ಮೇಲಿಂದ ಸರ್‌ಗೆ ಫೋನು ಮಾಡಿದೆ. ಪುಸ್ತಕ ತೆಗೆದು ಓದತೊಡಗಿದರು. ಪಿಸುಪಿಸುಪಿಸು.

“ಕೇಳುದಿಲ್ಲ ಸರ್! ಹೊರಗೆ ಬಂದು ಓದಿ ಸರ್!”

“ರೆಫರೆನ್ಸ್ ಪುಸ್ತಕ... ಹೊರಗೆ ತರ್ಲಿಕ್ಕಿಲ್ಲ.”

ಪುಸ್ತಕ ಹೊರಗೆ ಬರುವಂತಿಲ್ಲ, ದನಿ ಒಳಗೆ ಏಳುವಂತಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ನೋಡಿ. ಒಳಗೆ ಒಂದು ಸಾಲು ಓದಿ ಬಾಯಿಪಾಠ ಮಾಡಿಕೊಳ್ಳುವುದು, ಜಗಲಿಗೆ ಓಡುವುದು, ಚಪ್ಪಲಿ ಮೆಟ್ಟುವುದು, ಸಾಲನ್ನು ಜೋರಾಗಿ ಒಪ್ಪಿಸುವುದು, ಚಪ್ಪಲಿ ಬಿಟ್ಟು ಮತ್ತೆ ಒಳಗೆ. ಪಾದೆಯ ಮೇಲೆ ಕೂತ ನನಗೆ ಅರ್ಥಶಾಸ್ತ್ರಕ್ಕಿಂತ ಹೆಚ್ಚು ಕೇಳಿದ್ದು ಚಪ್ಪಲಿಯ ಪಟಪಟ. ನಾಲ್ಕು ಸಾಲು ಆಗುವಾಗ ಅವರಿಗೆ ಏದುಸಿರು. ಅಧ್ಯಾಯಕ್ಕೆ ಇನ್ನೂ ಬಹಳ ಪುಟ ಇತ್ತು.

ನನಗೆ ಅಳು ಬಂತು. “ಬೇಡ ಸರ್, ಬಿಡಿ. ಈ ಸಲವೂ ಫೇಲಾದ್ರೆ ನನ್ನ ಓದು ಮುಗಿಯಿತು. ಅಪ್ಪ ಹೇಳಿಯಾಗಿದೆ” ಎಂದೆ.

ಆ ಕಡೆ ಚಪ್ಪಲಿ ಬಿಟ್ಟ ಸದ್ದು ಕೇಳಿತು, ಕುರ್ಚಿ ಎಳೆದ ಸದ್ದು ಕೇಳಿತು. ಆಮೇಲೆ...

“ಪೂರೈಕೆ ಹೆಚ್ಚಾಗಿ ಬೇಡಿಕೆ ಹೆಚ್ಚದಿದ್ದರೆ ಬೆಲೆ ಕುಸಿಯುತ್ತದೆ!”

ಲೈಬ್ರೆರಿಯ ಒಳಗೇ ಕೂತು ಸರ್ ಬೊಬ್ಬೆ ಹೊಡೆಯುತ್ತಿದ್ದರು. ಖಾಲಿ ಕೋಣೆ ಅವರ ದನಿಯನ್ನು ಎತ್ತಿ ಎತ್ತಿ ಕೊಡುತ್ತಿತ್ತು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಕಲ್ಲಿನ ಮೇಲಿಟ್ಟು ಗೀಚತೊಡಗಿದೆ. ಕೆಳಗೆ ರಬ್ಬರ್ ಮರಗಳಿಗೆ ಹಾಲು ಇಳಿಸುವ ಚಿಪ್ಪು ಕಟ್ಟುತ್ತಿದ್ದ ನೆರೆಮನೆಯ ಮಾವ ಗಾಬರಿಯಿಂದ ಗುಡ್ಡ ಹತ್ತಿ ಬಂದರು.

“ಯಾರು ಹೇಳಿದ್ದು? ಬೆಲೆ ಕುಸಿಯುದು ರಬ್ಬರಿಗಾ, ಅಡಿಕೆಗಾ?”

“ಎಲ್ಲದಕ್ಕೂ ಮಾವ, ಸುಮ್ಮನಿರಿ!”

ಮಾವ ಮರುದಿನವೇ ಇದ್ದಬದ್ದ ರಬ್ಬರ್ ಶೀಟು ಹೊತ್ತು ಪಂಜದ ಅಂಗಡಿಗೆ ಹಾಕಿಬಂದರು. ನನ್ನ ಪುಣ್ಯಕ್ಕೆ ಸ್ವಲ್ಪ ದಿನದಲ್ಲಿ ನಿಜವಾಗಿ ರೇಟು ಇಳಿಯಿತು. ಅಂದಿನಿಂದ ಮಾವ ಸಿಕ್ಕಿದಲ್ಲೆಲ್ಲ, “ನಿಮ್ಮ ಲೈಬ್ರೆರಿಯವರು ಈಗ ಎಂತ ಹೇಳ್ತಾರೆ?” ಎಂದು ಕೇಳುವವರಾದರು.

ಅಧ್ಯಾಯ ಮುಗಿಯುವಾಗ ಸರ್ ಅವರ ಗಂಟಲು ಒಡೆದ ಕೊಳಲಾಗಿತ್ತು. “ಆಯ್ತಾ? ಎಲ್ಲ ಸಿಕ್ಕಿತಾ?” ಎಂದು ಮೆಲ್ಲಗೆ ಕೇಳಿದರು. “ಮತ್ತೆ ಒಂದು ವಿಷಯ. ನಾನು ಒಳಗೆ ಬೊಬ್ಬೆ ಹಾಕಿದ್ದು ಯಾರ ಹತ್ರವೂ ಹೇಳ್ಬೇಡ.”

ನಾನು ಪಾಸಾದೆ. ಕಾಲೇಜು ತೆರೆದ ದಿನ ಓಡಿಹೋಗಿ ಸರ್ ಎದುರು ನಿಂತು ಬಾಯಿ ತೆರೆದೆನೋ ಇಲ್ಲವೋ, ಸ್ಕೇಲು ಫಟ್ಟೆಂದು ಮೇಜಿಗೆ ಬಿತ್ತು. ಥ್ಯಾಂಕ್ಸ್ ಹೇಳಲು ಅವರು ಬಿಡಲೇ ಇಲ್ಲ. ಆದರೆ ಮಾಸ್ಕಿನ ಮೇಲೆ ಅವರ ಕಣ್ಣು ನಗುತ್ತಿತ್ತು.

ನಿವೃತ್ತಿಯಾಗಿ ಹೆಚ್ಚು ಕಾಲ ಅವರು ಇರಲಿಲ್ಲ. ಹೋದ ಮಳೆಗಾಲ ಸುದ್ದಿ ಬಂದಾಗ ನಾನು ಮೊದಲು ತೆರೆದದ್ದು ಆ ಹಳೆಯ ಲೈಬ್ರೆರಿ ಗ್ರೂಪನ್ನು. ಏನಾದರೂ ಬರೆಯಬೇಕಿತ್ತು. ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು ಎಂದು ತೋರಿಸಿತು. ಅಡ್ಮಿನ್ ಅವರೊಬ್ಬರೇ. ಇನ್ನೂರು ಜನ ಆ ದಿನ ಅದನ್ನು ತೆರೆದು ನೋಡಿ ಮುಚ್ಚಿರಬೇಕು. ನೆರೆಮನೆಯ ಮಾವನಿಗೆ ಹೇಳಿದಾಗ ಅವರು, “ಇನ್ನು ರೇಟು ಯಾರ ಹತ್ರ ಕೇಳುದು?” ಎಂದರು. ನಾನು ಅತ್ತದ್ದು ಆಗಲೇ.

“ಮೇಡಂ, ಯಾರ ಬೆರಳು ಹೇಳಲೇ ಇಲ್ಲ” ಎಂದಳು ಹುಡುಗಿ.

ನನ್ನ ಸರ್‌ದು ಎಂದೆ. ಅವಳಿಗೆ ಅಷ್ಟು ಸಾಕಾಯಿತು. ಅವಳಿಗೆ ಬೇಕಿದ್ದದ್ದು ಬೆರಳಿನ ಅಡಿಯ ಸಾಲು. ಯಾವ ಪುಟ ಎಂದು ನೋಡಿದೆ. ಬೆಲೆ ನಿರ್ಧಾರ. ಪುಸ್ತಕ ಬೇಕಿರಲಿಲ್ಲ, ನನಗೆ ಬಾಯಿಪಾಠ. ಲೈಬ್ರೆರಿಯಲ್ಲವೇ ಎಂದು ತೀರ ಮೆಲ್ಲಗೆ ಹೇಳಿದೆ.

“ಕೇಳುದಿಲ್ಲ ಮೇಡಂ.”

ನಾನು ಎದ್ದು ನಿಂತೆ. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೇನೆಯೇ ಎಂದು ಒಮ್ಮೆ ಕಾಲು ನೋಡಿಕೊಂಡು, ಆ ಸಾಲನ್ನು ಇಡೀ ಲೈಬ್ರೆರಿಗೆ ಕೇಳುವ ಹಾಗೆ ಬೊಬ್ಬೆ ಹೊಡೆದು ಹೇಳಿದೆ.